ನಾರು ಹೋಯಿತು, ಕೊಕ್ಕೆಹುಳು ಉಳಿಯಿತು

ಹಾವೇರಿ ಸೀಮೆಯ ನೆಲ ಒಂದೇ ಬಗೆಯದಲ್ಲ. ಹಾನಗಲ್ಲಿನ ಕಡೆ ಅರೆಮಲೆನಾಡು: ಭತ್ತದ ಗದ್ದೆ, ಅಡಿಕೆ ತೋಟ, ಬೇಗ ಆರದ ತೇವ. ಬ್ಯಾಡಗಿ, ರಾಣೆಬೆನ್ನೂರಿನ ಕಡೆ ಮೆಣಸಿನಕಾಯಿ, ಹತ್ತಿಯ ಬಯಲು. ಉತ್ತರ ಕರ್ನಾಟಕದ ಒಣ ಬಯಲನ್ನು ಹಿಂದೆ ಕಾಡಿದ್ದು ನಾರುಹುಣ್ಣು. ತೇವದ, ನೆರಳಿನ ಮಣ್ಣನ್ನು ನೆಚ್ಚಿಕೊಂಡದ್ದು ಕೊಕ್ಕೆಹುಳು. ಔಷಧಿಯೇ ಇಲ್ಲದ ನಾರು ದೇಶ ಬಿಟ್ಟುಹೋಯಿತು. ಒಂದು ಗುಳಿಗೆಗೆ ಸಾಯುವ ಕೊಕ್ಕೆಹುಳು ಇನ್ನೂ ಉಳಿದಿದೆ. ಮೊದಲನೆಯದರಲ್ಲಿ ನಾವು ಊರಿನ ನೀರನ್ನು ಸರಿಪಡಿಸಿದೆವು, ಎರಡನೆಯದರಲ್ಲಿ ರೋಗಿಯ ಹೊಟ್ಟೆಯನ್ನಷ್ಟೇ ತೊಳೆಯುತ್ತಿದ್ದೇವೆ.

ನಾರುಹುಳುವಿಗೆ ಮೆಟ್ಟಿಲು ಬಾವಿಯೇ ತವರು. ಹುಣ್ಣಿನ ಉರಿ ತಾಳದೆ ರೋಗಿ ನೀರಿಗೆ ಕಾಲಿಟ್ಟರೆ ಹುಳು ಅಲ್ಲೇ ಮರಿ ಹಾಕುತ್ತಿತ್ತು. ಆ ಮರಿಗಳನ್ನು ನುಂಗಿದ ಸೈಕ್ಲಾಪ್ಸ್ ಎಂಬ ಪುಟ್ಟ ನೀರುಜೀವಿ ಕುಡಿಯುವ ನೀರಿನ ಜೊತೆ ಇನ್ನೊಬ್ಬರ ಹೊಟ್ಟೆ ಸೇರುತ್ತಿತ್ತು. ವರ್ಷದ ಹೊತ್ತಿಗೆ ಕಾಲಿನಲ್ಲಿ ಬೊಬ್ಬೆ ಒಡೆದು, ಬಿಳಿ ದಾರದಂತೆ ಹೊರಬಂದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುವುದೊಂದೇ ಚಿಕಿತ್ಸೆ. 1983-84ರಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಕೈಹಾಕಿದ್ದು ಬಾವಿಗೆ: ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡುವುದು, ಕೊಳವೆಬಾವಿ ಕೊರೆಸುವುದು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳುವುದು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಮುಕ್ತವೆಂದು ಸಾರಿತು.

ಕೊಕ್ಕೆಹುಳುವಿನ ದಾರಿಯೂ ಗೊತ್ತಿಲ್ಲದ್ದೇನಲ್ಲ. ಅದರ ಮರಿ ಚರ್ಮ ತೂರಿಯೇ ಒಳಹೋಗುತ್ತದೆಂದು ಕೈರೋದಲ್ಲಿದ್ದ ಆರ್ಥರ್ ಲೂಸ್ 1898ರಲ್ಲೇ ಕಂಡುಕೊಂಡಿದ್ದ. ಚರಿಗೆ ಹಿಡಿದು ಬಯಲಿಗೆ ಹೋದವರ ಮಲದಲ್ಲಿನ ಮೊಟ್ಟೆ ತೇವದ ಮಣ್ಣಿನಲ್ಲಿ ಒಡೆದು ಮರಿಯಾಗುತ್ತದೆ. ಬರಿಗಾಲಿನ ಬೆರಳ ಸಂದಿಯಲ್ಲಿ ಕೆರೆತ ಹುಟ್ಟಿಸಿ ಒಳನುಗ್ಗಿ, ರಕ್ತದಲ್ಲಿ ಹರಿದು ಶ್ವಾಸಕೋಶ ಮುಟ್ಟಿ, ಗಂಟಲಿಗೇರಿ, ಮತ್ತೆ ನುಂಗಿದಾಗ ಸಣ್ಣಕರುಳು ಸೇರಿ ಕಚ್ಚಿಕೊಳ್ಳುತ್ತದೆ. ಒಂದೊಂದು ಹುಳು ಹೀರುವ ರಕ್ತ ಅತ್ಯಲ್ಪ, ಆದರೆ ನೂರಾರು ಹುಳು ವರ್ಷಗಟ್ಟಲೆ ಹೀರಿದರೆ ಆಳು ಬಿಳಿಚಿಕೊಳ್ಳುತ್ತಾನೆ, ಗದ್ದೆಯ ಕೆಲಸಕ್ಕೆ ಏದುಸಿರು ಬರುತ್ತದೆ, ಬಸುರಿಗೆ ಅಪಾಯ, ಮಕ್ಕಳ ಬೆಳವಣಿಗೆ ಕುಂಠಿತ. ಇದಕ್ಕೆ ಕಡಿವಾಣ ಹಾಕಲೆಂದೇ ರಾಕ್‌ಫೆಲ್ಲರ್ ಪ್ರತಿಷ್ಠಾನ 1930ರ ದಶಕದಲ್ಲಿ ಭಾರತಕ್ಕೆ ಕೊರೆದ ಗುಂಡಿಯ ಕಕ್ಕಸನ್ನು ತಂದಿತು. ಮದ್ದಿನಷ್ಟೇ ಕಕ್ಕಸೂ ಮುಖ್ಯವೆಂಬ ತಿಳಿವಳಿಕೆ ಆಗಲೇ ಇತ್ತು.

ನಾರು ಕಣ್ಣಿಗೆ ಕಾಣುತ್ತಿತ್ತು, ನೋಯುತ್ತಿತ್ತು, ಹಾಗಾಗಿ ಜನ ಸಹಕರಿಸಿದರು. ಕೊಕ್ಕೆಹುಳು ಕಾಣದು, ಹೋಲಿಕೆ ಸಲ್ಲದು ಎನ್ನಬಹುದು. ನಿಜ. ಆದರೆ ರೋಗಿಗೇ ಗೊತ್ತಾಗದ ರೋಗವಾದ್ದರಿಂದಲೇ ರೋಗಿ ಬರಲೆಂದು ಕಾಯದೆ ನೆಲವನ್ನು ಕಾಯಬೇಕು. ಗುಳಿಗೆ ಅಗ್ಗ, ಅದೇ ಸಾಕು ಎಂಬ ವಾದವೂ ಇದೆ. 2015ರಿಂದ ನಡೆದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಒಳ್ಳೆಯ ಕೆಲಸವೇ, ನಿಲ್ಲಬಾರದು. ಆದರೆ ಅದರ ಆಲ್ಬೆಂಡಜೋಲ್ ಸಿಗುವುದು 1ರಿಂದ 19 ವರ್ಷದವರಿಗೆ. ದಿನವಿಡೀ ಕೆಸರಿನಲ್ಲಿ ನಾಟಿ ಮಾಡುವ ತಾಯಿ ಆ ವಯಸ್ಸು ದಾಟಿರುತ್ತಾಳೆ. ಗುಳಿಗೆ ನುಂಗಿದ ಮಗುವೂ ಅದೇ ಹಿತ್ತಲಲ್ಲಿ ಬರಿಗಾಲಲ್ಲಿ ಆಡಿದರೆ ಹುಳು ಮತ್ತೆ ಹತ್ತುತ್ತದೆ. ಶೌಚಾಲಯ ಕಟ್ಟಿಸಿಯಾಗಿದೆಯಲ್ಲ ಎಂದರೆ, ಕಟ್ಟಿದ್ದು ಬೇರೆ, ಬಳಸುವುದು ಬೇರೆ. ನೀರಿಲ್ಲದೆ ಕಟ್ಟಿಗೆ ತುಂಬಿಟ್ಟ ಶೌಚಾಲಯ ಲೆಕ್ಕಕ್ಕಷ್ಟೇ ಸಿಗುತ್ತದೆ. ಪಂಚಾಯಿತಿಗಳು ಮನೆಮನೆಯ ಶೌಚಾಲಯಕ್ಕೆ ನೀರು ಕೊಡಲಿ, ಹೊಲಕ್ಕೆ ಹೋಗುವವರು ಚಪ್ಪಲಿ ಮೆಟ್ಟಲಿ, ಗುಂಡಿಯ ಹಸಿ ಮಲ ಗೊಬ್ಬರವಾಗಿ ತೋಟ ಸೇರದಿರಲಿ. ಇವು ನಡೆದರೆ ಗುಳಿಗೆಯ ಗುಣ ಉಳಿಯುತ್ತದೆ.