ಹೆರಾತ್‌ನಿಂದ ಮಲೆನಾಡಿನ ದಾರಿಯಲ್ಲಿ: ಒಬ್ಬ ಮುಸಾಫಿರ್ ಕಲಿತ ಪಾಠ

ಭೂಮಿಯಲ್ಲಿ ಸಂಚರಿಸಿ, ಹಿಂದೆ ಬಾಳಿ ಹೋದವರ ಗತಿ ಏನಾಯಿತೆಂದು ನೋಡಬೇಕೆಂಬ ಕರೆ ಪವಿತ್ರ ಕುರ್‌ಆನಿನಲ್ಲಿ ಹಲವು ಕಡೆ ಬರುತ್ತದೆ. ಜುಮಾ ಖುತ್ಬಾಗಳಲ್ಲಿ ನಾವು ಇದನ್ನು ಮತ್ತೆ ಮತ್ತೆ ಕೇಳಿದ್ದೇವೆ. ಪ್ರಯಾಣದ ಕಷ್ಟವನ್ನು ಬಲ್ಲ ನಮ್ಮ ದೀನ್ ಮುಸಾಫಿರನಿಗೆ ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೆ ಇಳಿಸಿದೆ. ರಮಝಾನಿನ ಉಪವಾಸವನ್ನು ಮುಂದಿನ ದಿನಗಳಿಗೆ ಇಟ್ಟುಕೊಳ್ಳಲು ಅನುಮತಿ ನೀಡಿದೆ. ಝಕಾತ್ ಪಡೆಯಬಹುದಾದ ಎಂಟು ವರ್ಗಗಳಲ್ಲಿ ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕನನ್ನೂ ಸೇರಿಸಿದೆ. ಇಷ್ಟೆಲ್ಲ ರಿಯಾಯಿತಿ ಕೊಟ್ಟ ಮೇಲೆ ಪ್ರಯಾಣಿಕನಿಂದ ಏನನ್ನಾದರೂ ನಿರೀಕ್ಷಿಸಲಾಗಿದೆಯೇ?

ಈ ಪ್ರಶ್ನೆ ಇಂದು ನಮ್ಮ ಮನೆಗಳಿಗೆ ಹಿಂದಿಗಿಂತ ಹತ್ತಿರವಾಗಿದೆ. ಮೊಬೈಲ್ ತೆರೆದರೆ ಐಸ್‌ಲ್ಯಾಂಡಿನ ಹಿಮ, ಮಂಗೋಲಿಯಾದ ಬಯಲು, ಆಫ್ರಿಕಾದ ಮರುಭೂಮಿ ಕಣ್ಣ ಮುಂದೆ ಬರುತ್ತವೆ. ಯಾರೂ ಹೋಗದ ಜಾಗಕ್ಕೆ ಹೋಗಬೇಕೆಂಬ ಆಸೆ ಮಕ್ಕಳಲ್ಲಿ ಹುಟ್ಟುತ್ತದೆ. ಅಷ್ಟು ಹಣ ಸುರಿದು ಅಲ್ಲಿ ಏನು ನೋಡುತ್ತೀಯೆಂದು ಹಿರಿಯರು ಕೇಳುತ್ತಾರೆ. ಆಸೆ ತಪ್ಪಲ್ಲ, ಪ್ರಶ್ನೆಯೂ ತಪ್ಪಲ್ಲ. ಆದರೆ ಹೋಗಬೇಕೇ ಬೇಡವೇ ಎಂಬುದಕ್ಕಿಂತ, ಹೋದವನು ಅಲ್ಲಿನವರನ್ನು ಯಾವ ಕಣ್ಣಿನಿಂದ ನೋಡುತ್ತಾನೆ ಎಂಬುದು ದೊಡ್ಡ ಮಾತು. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ನಾಡಿನ ಇತಿಹಾಸದಲ್ಲೇ ಅದು ಇದೆ.

ದೂರದ ಊರು ಯಾವುದು?

ಲಕ್ಕವಳ್ಳಿಯನ್ನೇ ತೆಗೆದುಕೊಳ್ಳೋಣ. ತರೀಕೆರೆ ತಾಲ್ಲೂಕಿನ ಈ ಊರಿನವರಿಗೆ ಭದ್ರಾ ಅಣೆಕಟ್ಟು, ಅದರ ಹಿಂದೆ ಹರಡಿದ ನೀರು, ನೀರಿನಾಚೆಯ ಹುಲಿಯ ಕಾಡು ಎಲ್ಲವೂ ದಿನನಿತ್ಯದ ನೋಟ. ಆದರೆ ಬೆಂಗಳೂರು ಮತ್ತು ಇನ್ನೂ ದೂರದ ಊರುಗಳಿಂದ ಜನ ದೋಣಿಯಲ್ಲಿ ಸುತ್ತಲು, ಹಿನ್ನೀರಿನ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ರಿವರ್ ಟರ್ನ್ ಹಕ್ಕಿಗಳನ್ನು ನೋಡಲು ಇಲ್ಲಿಗೆ ಬರುತ್ತಾರೆ. ಅವರಿಗೆ ಇದು ಅಪರೂಪದ ಜಾಗ. ನಮಗೆ ಮನೆಯಂಗಳ.

ಆರು ನೂರು ವರ್ಷಗಳ ಹಿಂದೆಯೂ ಹೀಗೆಯೇ ಇತ್ತು. ಆಗ ಹೆರಾತ್, ಸಮರ್ಕಂದ್, ಶೀರಾಝ್ ನಗರಗಳವರಿಗೆ ನಮ್ಮ ಕರಾವಳಿ, ಘಟ್ಟ, ಮಲೆನಾಡು ಲೋಕದ ಇನ್ನೊಂದು ತುದಿಯಾಗಿದ್ದವು. ಅಲ್ಲಿಂದ ಈ ದಾರಿಯಲ್ಲಿ ಬಂದು, ಕಂಡದ್ದನ್ನು ಬರೆದಿಟ್ಟವರಲ್ಲಿ ಒಬ್ಬರು ಅಬ್ದುರ್ರಝಾಕ್ ಸಮರ್ಕಂದಿ.

ಒಲ್ಲದ ಮನಸ್ಸಿನ ಪ್ರಯಾಣ

ಅಬ್ದುರ್ರಝಾಕ್ ಹುಟ್ಟಿದ್ದು 1413ರಲ್ಲಿ, ಇಂದಿನ ಅಫ್ಘಾನಿಸ್ತಾನದ ಹೆರಾತ್‌ನಲ್ಲಿ. ತಂದೆ ತೈಮೂರನ ಮಗ ಶಾಹ್‌ರುಖ್‌ನ ಆಸ್ಥಾನದಲ್ಲಿ ಖಾಝಿ ಮತ್ತು ಇಮಾಮರಾಗಿದ್ದರು. ತಂದೆಯ ನಂತರ ಮಗನೂ ಆಸ್ಥಾನ ಸೇರಿದರು. 1442ರ ಜನವರಿಯಲ್ಲಿ ಶಾಹ್‌ರುಖ್ ಅವರನ್ನು ರಾಯಭಾರಿಯಾಗಿ ಹಿಂದೂಸ್ತಾನಕ್ಕೆ ಕಳುಹಿಸಿದ. ಆಗ ಅವರಿಗೆ 28 ವರ್ಷ.

ಅವರು ಸಂತೋಷದಿಂದ ಹೊರಟವರಲ್ಲ. ಹುರ್ಮುಝ್ ಬಂದರಿನಲ್ಲಿ ಹಡಗಿಗಾಗಿ ಕಾದು ಕಾದು ಒಳ್ಳೆಯ ಗಾಳಿಯ ಕಾಲವೇ ಮುಗಿಯುತ್ತಾ ಬಂತು. ಕೊನೆಗೆ ಹಡಗು ಹತ್ತಿದಾಗ ಅದರ ವಾಸನೆಗೇ ಎಚ್ಚರ ತಪ್ಪಿ, ಮೂರು ದಿನ ಉಸಿರೊಂದನ್ನು ಬಿಟ್ಟರೆ ಜೀವದ ಗುರುತೇ ಇರಲಿಲ್ಲವೆಂದು ಬರೆದುಕೊಂಡಿದ್ದಾರೆ. ಒಮಾನ್ ಕರಾವಳಿಯ ಬಿಸಿಲಿಗೆ ಎಲ್ಲರೂ ಕಾಯಿಲೆ ಬಿದ್ದರು. ಜೊತೆಗೆ ಬಂದಿದ್ದ ಅಣ್ಣ ಅಲ್ಲೇ ತೀರಿಕೊಂಡರು. ಅಣ್ಣನನ್ನು ಪರದೇಶದ ಮಣ್ಣಿಗೆ ಒಪ್ಪಿಸಿ ತಮ್ಮ ಮತ್ತೆ ಹಡಗು ಹತ್ತಿದರು. ಪ್ರಯಾಣವು ಯಾತನೆಯ ಒಂದು ಭಾಗ, ಅದು ಊಟ ನಿದ್ರೆಗಳನ್ನು ಕಸಿಯುತ್ತದೆ ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ಹೇಳಿದ್ದು ಇಂಥವರ ಬದುಕಿನಲ್ಲಿ ಅಕ್ಷರಶಃ ನಿಜವಾಗಿತ್ತು.

ಹದಿನೆಂಟು ದಿನಗಳ ಸಮುದ್ರಯಾನದ ಬಳಿಕ ಅವರು ಕಲ್ಲಿಕೋಟೆಗೆ ಬಂದಿಳಿದರು. ಇಲ್ಲಿ ಅವರ ಬರಹದ ಎರಡು ಮುಖಗಳು ಕಾಣುತ್ತವೆ. ಸ್ಥಳೀಯರ ಮೈಬಣ್ಣವನ್ನೂ ಅವರು ಉಡುವ ಬಟ್ಟೆಯನ್ನೂ ಕಂಡು ಅವರು ಅಸಹ್ಯಪಟ್ಟರು. ಹೀಯಾಳಿಸುವ ಮಾತುಗಳನ್ನೇ ಬರೆದರು. ಖಾಝಿಯ ಮಗ, ಓದಿಕೊಂಡವರು, ನಮಾಝ್ ಬಿಡದವರು. ಆದರೂ ನಾಲಿಗೆಯಿಂದ ಆ ಮಾತು ಬಂತು. ಒಂದು ಜನಾಂಗ ಇನ್ನೊಂದನ್ನು ಗೇಲಿ ಮಾಡಬಾರದು, ಅವರೇ ಇವರಿಗಿಂತ ಉತ್ತಮರಿರಬಹುದು ಎಂದು ಸೂರಃ ಹುಜುರಾತ್ ಎಚ್ಚರಿಸುವುದು ಇದೇ ಕಾಯಿಲೆಯ ಬಗ್ಗೆ. ಇಲ್ಮ್ ಇದ್ದವರಿಗೂ ಅದು ಅಂಟುತ್ತದೆ.

ಆದರೆ ಅದೇ ಪುಟಗಳಲ್ಲಿ ಅವರು ಸತ್ಯವನ್ನೂ ಬರೆದರು. ಕಲ್ಲಿಕೋಟೆಯಲ್ಲಿ ವ್ಯಾಪಾರಿಗಳು ಹಡಗಿನಿಂದ ಸರಕು ಇಳಿಸಿ, ಲೆಕ್ಕ ನೋಡದೆ, ಕಾವಲಿಡದೆ ಪೇಟೆಗೆ ಕಳುಹಿಸಿಬಿಡುತ್ತಿದ್ದರು. ಸುಂಕದ ಅಧಿಕಾರಿಗಳೇ ಹಗಲು ರಾತ್ರಿ ಅದನ್ನು ಕಾಯುತ್ತಿದ್ದರು. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ. ಮಾರಾಟವಾಗದಿದ್ದರೆ ಏನೂ ಇಲ್ಲ. ಗಾಳಿಗೆ ದಿಕ್ಕು ತಪ್ಪಿ ಬಂದ ಹಡಗನ್ನು ಬೇರೆ ಬಂದರುಗಳಲ್ಲಿ ದೋಚುವುದುಂಟು, ಇಲ್ಲಿ ಮುಟ್ಟುವುದಿಲ್ಲ ಎಂದೂ ದಾಖಲಿಸಿದರು. ನಲವತ್ತರಲ್ಲಿ ಒಂದು ಎಂದರೆ ನಮ್ಮ ಝಕಾತಿನ ಲೆಕ್ಕವೇ. ತಾನು ಹೀಯಾಳಿಸಿದ ಜನರ ಬಂದರಿನಲ್ಲಿ ಇಷ್ಟು ನ್ಯಾಯವಿದೆಯೆಂದು ಆ ಪ್ರಯಾಣಿಕ ಒಪ್ಪಿಕೊಂಡರು.

ಘಟ್ಟ ಹತ್ತಿ ಹಂಪೆಗೆ

ಕಲ್ಲಿಕೋಟೆಯಲ್ಲಿರುವಾಗಲೇ ವಿಜಯನಗರದ ದೊರೆ ಎರಡನೆಯ ದೇವರಾಯನಿಂದ ಕರೆ ಬಂತು. ಅಬ್ದುರ್ರಝಾಕ್ ಸಮುದ್ರದಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ನೆಲದ ದಾರಿ ಹಿಡಿದರು. ದಿನಕ್ಕೊಂದು ಊರು ಅಥವಾ ಜನತುಂಬಿದ ಹಳ್ಳಿ ಸಿಗುತ್ತಿತ್ತು. ಆಮೇಲೆ ದೊಡ್ಡ ಬೆಟ್ಟಗಳು, ದಟ್ಟ ಕಾಡು. ಘಟ್ಟದ ಮೇಲೆ ಅವರು ತಂಗಿದ ಊರನ್ನು ಕೆಲವು ವಿದ್ವಾಂಸರು ಬೇಲೂರೆಂದೂ ಇನ್ನು ಕೆಲವರು ಬಿದನೂರೆಂದೂ ಗುರುತಿಸುತ್ತಾರೆ. ಬೇಲೂರು ನಮಗೆ ದಕ್ಷಿಣಕ್ಕೆ, ಬಿದನೂರು ಪಶ್ಚಿಮಕ್ಕೆ. ಯಾವುದೇ ಆಗಿರಲಿ, ಹೆರಾತ್‌ನ ಈ ಮುಸಾಫಿರ್ ನಡೆದದ್ದು ನಮ್ಮ ಸೀಮೆಯಿಂದ ಬಹಳ ದೂರವಿಲ್ಲದ ದಾರಿಯಲ್ಲಿ.

ಆ ಊರಿನ ದೇವಸ್ಥಾನವನ್ನು ಅವರು ವಿವರವಾಗಿ ಬಣ್ಣಿಸಿದ್ದಾರೆ. ಕಲ್ಲಿನಲ್ಲಿ ಕೊರೆದ ಬಳ್ಳಿ, ಚಿತ್ರ, ಸೂಕ್ಷ್ಮ ಕೆಲಸ ಕಂಡು ಬೆರಗಾಗಿದ್ದಾರೆ. ತೌಹೀದಿನಲ್ಲಿ ಅವರಿಗೆ ಯಾವ ಸಡಿಲಿಕೆಯೂ ಇರಲಿಲ್ಲ. ಆದರೆ ಕುಶಲಕರ್ಮಿಯ ಕೈಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಅವರು ತಡೆಹಿಡಿಯಲಿಲ್ಲ.

1443ರ ಏಪ್ರಿಲ್ ಕೊನೆಯ ಹೊತ್ತಿಗೆ ಅವರು ವಿಜಯನಗರ ತಲುಪಿದರು. ಲಕ್ಕವಳ್ಳಿಯ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ ಹರಿದು ಹೋಗುವುದು ಆ ನಗರದ ಬಂಡೆಗಳ ನಡುವೆಯೇ. ಒಂದರೊಳಗೊಂದು ಏಳು ಕೋಟೆಗಳು, ಮುತ್ತು ರತ್ನ ಮಾರುವ ಬೀದಿಗಳು, ಊಟದಷ್ಟೇ ಗುಲಾಬಿಯೂ ಬೇಕೆನ್ನುವ ಜನ, ಮಹಾನವಮಿಯ ಆನೆಗಳ ಸಾಲು ಎಲ್ಲವನ್ನೂ ಬರೆದು, ಇದಕ್ಕೆ ಸಾಟಿಯಾದ ಊರು ಲೋಕದಲ್ಲಿಲ್ಲ ಎಂಬ ತೀರ್ಮಾನಕ್ಕೆ ಬಂದರು.

ದೊರೆಯ ಭೇಟಿಯ ಪ್ರಸಂಗ ಮನಸ್ಸಿಗೆ ನಾಟುವಂಥದು. ಹೆರಾತ್‌ನ ರೂಢಿಯಂತೆ ಹಲವು ಉಡುಪು ತೊಟ್ಟಿದ್ದ ಅತಿಥಿ ಸೆಕೆಗೆ ಬೆವತು ಹೋಗಿದ್ದರು. ದೇವರಾಯ ಅದನ್ನು ಗಮನಿಸಿ, ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಅವರಿಗೆ ಕೊಟ್ಟ. ಬಳಿಕ ವೀಳ್ಯ, ಕರ್ಪೂರ ಮತ್ತು ಹಣದ ಚೀಲ ನೀಡಿದ. ರಾಯಭಾರಿಗಳನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡು ಉಣ್ಣುವುದು ನಿಮ್ಮ ದೊರೆಗಳ ಪದ್ಧತಿ. ನಾವಿಬ್ಬರೂ ಜೊತೆಯಲ್ಲಿ ಉಣ್ಣುವಂತಿಲ್ಲವಾದ್ದರಿಂದ ಈ ಚೀಲವೇ ಆ ಔತಣವೆಂದು ತಿಳಿಯಿರಿ ಎಂಬ ಅರ್ಥದ ಮಾತನ್ನು ದುಭಾಷಿಯ ಮೂಲಕ ಹೇಳಿಸಿದ. ಇಬ್ಬರ ಧರ್ಮ ಬೇರೆ, ಊಟದ ಕಟ್ಟಳೆ ಬೇರೆ. ಯಾರೂ ತಮ್ಮದನ್ನು ಬಿಡಲಿಲ್ಲ. ಆದರೂ ಆತಿಥ್ಯಕ್ಕೆ ಕೊರತೆಯಾಗಲಿಲ್ಲ. ಅವರ ಬಿಡಾರಕ್ಕೆ ದಿನವೂ ಎರಡು ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಬರುತ್ತಿತ್ತು.

ಆ ನಗರದಲ್ಲಿ ಮುಸ್ಲಿಮರು ಹೊಸಬರಾಗಿರಲಿಲ್ಲ. ದೇವರಾಯನ ಸೈನ್ಯದಲ್ಲಿ ಮುಸ್ಲಿಮ್ ಬಿಲ್ಲುಗಾರರೂ ಕುದುರೆ ಸವಾರರೂ ಇದ್ದರು. ಅವರಿಗಾಗಿ ದೊರೆ ತನ್ನ ಸಿಂಹಾಸನದ ಮುಂದೆ ಕುರ್‌ಆನನ್ನು ಇರಿಸಿದ್ದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾರೆ. 1439ರಲ್ಲಿ ಅಹ್ಮದ್ ಖಾನ್ ಎಂಬ ಅಧಿಕಾರಿ ದೇವರಾಯನ ಪುಣ್ಯಕ್ಕಾಗಿ ಕಟ್ಟಿಸಿದ ಮಸೀದಿ ಹಂಪೆಯಲ್ಲಿ ಇಂದಿಗೂ ನಿಂತಿದೆ. ಅದರ ಶಾಸನ ಆ ಕಟ್ಟಡವನ್ನು ಧರ್ಮಸಾಲೆ ಎಂದು ಕರೆದಿದೆ.

ಅಪವಾದದ ದಿನಗಳು

ಕೆಲವು ತಿಂಗಳ ಬಳಿಕ ಗಾಳಿ ಬದಲಾಯಿತು. ಹುರ್ಮುಝ್‌ನಿಂದ ಬಂದಿದ್ದ ವ್ಯಾಪಾರಿಗಳು, ಈತ ನಿಜವಾದ ರಾಯಭಾರಿಯೇ ಅಲ್ಲವೆಂದು ಸುದ್ದಿ ಹಬ್ಬಿಸಿದರು. ದಂಡನಾಯಕ ಯುದ್ಧಕ್ಕೆ ಹೋಗಿದ್ದಾಗ ಅವನ ಜಾಗದಲ್ಲಿದ್ದ ಅಧಿಕಾರಿ ಅತಿಥಿಯ ದಿನಸಿಯನ್ನು ನಿಲ್ಲಿಸಿದ. ಭಾಷೆ ಬಾರದ ಊರಿನಲ್ಲಿ, ತನ್ನವರೇ ಆಡಿದ ಸುಳ್ಳಿನಿಂದ ಅಬ್ದುರ್ರಝಾಕ್ ಸಂಕಟಕ್ಕೆ ಸಿಕ್ಕಿದರು. ದಂಡನಾಯಕ ಮರಳಿ ಬಂದ ಮೇಲೆಯೇ ಅದು ಸರಿಯಾದದ್ದು. ಕಲ್ಲಿಕೋಟೆಯವರನ್ನು ನೋಟದಿಂದಲೇ ಅಳೆದಿದ್ದವರು ಈಗ ತಾವೇ ಬಾಯಿಮಾತಿನ ತಕ್ಕಡಿಯಲ್ಲಿ ಕೂತರು. ಕೇಡು ಬಗೆದವರು ಸ್ವಧರ್ಮದವರು. ಕೈ ಹಿಡಿದವನು ಪರಧರ್ಮದವನು. ಇದನ್ನೂ ಅವರು ಮುಚ್ಚಿಡದೆ ಬರೆದರು. 1443ರ ಡಿಸೆಂಬರ್‌ನಲ್ಲಿ ಅಲ್ಲಿಂದ ಹೊರಟು, ಬಾರಕೂರು, ಹೊನ್ನಾವರಗಳ ಮೂಲಕ ಸಮುದ್ರಕ್ಕಿಳಿದು, 1445ರ ಆರಂಭದಲ್ಲಿ ಹೆರಾತ್ ಸೇರಿದರು. ಹೋಗಿಬರಲು ಮೂರು ವರ್ಷ ಹಿಡಿದಿತ್ತು.

ಇಬ್ನ್ ಬತೂತಾ ಕಂಡ ಹೊನ್ನಾವರ

ಅದಕ್ಕೆ ನೂರು ವರ್ಷ ಮೊದಲೇ ನಮ್ಮ ಕರಾವಳಿಯನ್ನು ನೋಡಿದವರು ಮೊರಾಕೊದ ಇಬ್ನ್ ಬತೂತಾ. 1342ರಲ್ಲಿ ದೆಹಲಿ ಬಿಟ್ಟು ದಕ್ಷಿಣಕ್ಕೆ ಬಂದ ಅವರು ಹೊನ್ನಾವರದಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಶಾಲೆಗಳಿದ್ದವೆಂದೂ, ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ಬರೆದಿದ್ದಾರೆ. ನಮ್ಮ ಹೆಣ್ಣುಮಕ್ಕಳ ಓದಿನ ಬಗ್ಗೆ ಮಾತನಾಡುವವರೆಲ್ಲರೂ ನೆನಪಿಡಬೇಕಾದ ಸಾಲು ಇದು. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರನ್ನೂ, ಫಾರಸ್ ಮತ್ತು ಯಮನ್‌ನ ವ್ಯಾಪಾರಿಗಳನ್ನೂ ಅವರು ಕಂಡರು. ಹೊನ್ನಾವರದ ಸುಲ್ತಾನರ ಮನೆಯಲ್ಲಿ ತುಪ್ಪದ ಅನ್ನ, ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು ಉಂಡದ್ದನ್ನೂ, ರೊಟ್ಟಿಯಿಲ್ಲದೆ ಬರೀ ಅನ್ನ ತಿಂದು ಬೇಸತ್ತದ್ದನ್ನೂ ಬರೆದುಕೊಂಡರು.

ಈ ಕರಾವಳಿಯ ದಾರಿಯುದ್ದಕ್ಕೂ ಪ್ರಯಾಣಿಕರಿಗಾಗಿ ಮರದ ಮಂಟಪ, ಬಾವಿ ಇದ್ದವು. ನೀರು ಕೊಡಲು ಒಬ್ಬ ಹಿಂದೂ ಇರುತ್ತಿದ್ದ. ತನ್ನ ಮತದವರಿಗೆ ಪಾತ್ರೆಯಲ್ಲಿ, ಮುಸ್ಲಿಮರಿಗೆ ಬೊಗಸೆಗೆ ಸುರಿದು ಕೊಡುತ್ತಿದ್ದ ಎಂದು ಇಬ್ನ್ ಬತೂತಾ ಹೇಳುತ್ತಾರೆ. ಅವರು ಮಡಿಯ ಗೆರೆಯನ್ನೂ ಬರೆದರು, ನೀರಿನ ಉಪಕಾರವನ್ನೂ ಬರೆದರು. ಒಂದನ್ನು ಹೇಳಿ ಇನ್ನೊಂದನ್ನು ಬಿಡಲಿಲ್ಲ.

ಇಲ್ಲಿಂದ ಹೊರಟವರು

ನಮ್ಮವರೂ ದೂರ ಹೋಗಿದ್ದಾರೆ. 1786ರಲ್ಲಿ ಟಿಪ್ಪು ಸುಲ್ತಾನರು ಗುಲಾಮ್ ಅಲಿ ಖಾನ್ ನೇತೃತ್ವದ ನಿಯೋಗವನ್ನು ಇಸ್ತಾಂಬುಲ್‌ಗೆ ಕಳುಹಿಸಿದರು. ಇಂದಿನ ಉತ್ತರ ಕನ್ನಡದ ತದಡಿಯಿಂದ ಹಡಗುಗಳು ಹೊರಟವು. ಮಸ್ಕತ್, ಬಸ್ರಾಗಳ ಮೂಲಕ ಸಾಗಿದ ಆ ಯಾತ್ರೆಯ ಮೊದಲ ಭಾಗದ ದಿನಚರಿಯನ್ನು ಖ್ವಾಜಾ ಅಬ್ದುಲ್ ಖಾದಿರ್ ಬರೆದಿಟ್ಟರು. ಬಿರುಗಾಳಿ, ಬೆಂಕಿ, ಕಾಯಿಲೆಗಳಿಗೆ ಸಿಕ್ಕಿ, ಹೊರಟ ನೂರಾರು ಮಂದಿಯಲ್ಲಿ ಮರಳಿ ಬಂದವರು ಕೆಲವರೇ.

ಸಾಮಾನ್ಯ ಕುಟುಂಬಗಳಿಗೆ ದೂರದ ಪ್ರಯಾಣವೆಂದರೆ ಹಜ್ ಒಂದೇ ಆಗಿತ್ತು. ಮುಂಬೈನಿಂದ ಜಿದ್ದಾಕ್ಕೆ ಹಡಗಿನ ಪ್ರಯಾಣ 1995ರವರೆಗೂ ನಡೆದಿತ್ತು. ಹೊರಡುವ ಮೊದಲು ಹಿರಿಯರು ಸಾಲ ತೀರಿಸಿ, ಅಮಾನತು ಒಪ್ಪಿಸಿ, ನೆರೆಹೊರೆಯವರ ಮನೆಗೆ ಹೋಗಿ ಮಾಫಿ ಕೇಳುತ್ತಿದ್ದರು. ಮರಳಿ ಬರುವ ಖಾತರಿ ಇರಲಿಲ್ಲ. ಆದ್ದರಿಂದ ಹೃದಯವನ್ನು ತೊಳೆದುಕೊಂಡೇ ಹೊರಡುತ್ತಿದ್ದರು.

ಮುಸಾಫಿರನ ಅದಬ್

ಇಂದು ದಾರಿ ಸುಲಭವಾಗಿದೆ, ಅದಬ್ ಸಡಿಲವಾಗಿದೆ. ಹೋದ ಊರಿನ ಬಡವರ ಫೋಟೊ ತೆಗೆದು ನಗುವುದು, ಅಲ್ಲಿನ ಊಟವನ್ನು ಹಳಿಯುವುದು, ಎರಡು ದಿನ ನೋಡಿ ಇಡೀ ಜನಾಂಗದ ಮೇಲೆ ತೀರ್ಪು ಕೊಡುವುದು ರೂಢಿಯಾಗಿದೆ. ನಮ್ಮ ಊರಿಗೆ ಬಂದವರು ನಮ್ಮ ಟೋಪಿ, ಬುರ್ಖಾ ನೋಡಿ ಹಾಗೆ ತೀರ್ಪು ಕೊಟ್ಟರೆ ನಮಗೆ ನೋವಾಗುತ್ತದೆ. ಆ ನೋವನ್ನು ನಾವು ಇನ್ನೊಬ್ಬರಿಗೆ ಕೊಡಬಾರದು. ಯಾವುದೇ ಜನರ ಮೇಲಿನ ದ್ವೇಷ ನಮ್ಮನ್ನು ನ್ಯಾಯದಿಂದ ದೂರ ಸರಿಸಬಾರದೆಂಬ ಕುರ್‌ಆನಿನ ಆದೇಶ ಕೋರ್ಟು ಕಚೇರಿಗಷ್ಟೇ ಸೀಮಿತವಲ್ಲ. ಕಣ್ಣಿಗೂ ಅನ್ವಯಿಸುತ್ತದೆ, ಮೊಬೈಲಿನಲ್ಲಿ ಬರೆಯುವ ಬೆರಳಿಗೂ ಅನ್ವಯಿಸುತ್ತದೆ.

ಆದ್ದರಿಂದ ಮಕ್ಕಳು ದೂರದ ಊರಿಗೆ ಹೊರಟರೆ ಹಿರಿಯರು ಬರೀ ಖರ್ಚಿನ ಲೆಕ್ಕ ಕೇಳಬೇಡಿ. ಸಾಲ ಉಳಿದಿದೆಯೇ, ತಂದೆತಾಯಿಯ ಒಪ್ಪಿಗೆ ಇದೆಯೇ, ನಮಾಝಿನ ವೇಳೆ ನೆನಪಿದೆಯೇ ಎಂದು ಕೇಳಿ. ಮರಳಿ ಬಂದಾಗ, ಅಲ್ಲಿನವರಲ್ಲಿ ನಿನಗಿಂತ ಉತ್ತಮವಾದ ಯಾವ ಗುಣ ಕಂಡೆ ಎಂದೂ ಕೇಳಿ. ಅದಕ್ಕೆ ಉತ್ತರವಿದ್ದರೆ ಆ ಪ್ರಯಾಣ ವ್ಯರ್ಥವಾಗಲಿಲ್ಲ. ಲಕ್ಕವಳ್ಳಿಯಂಥ ನಮ್ಮ ಊರುಗಳಿಗೆ ಬರುವ ಅಪರಿಚಿತರಿಗೆ ನಾವೂ ದಾರಿ ತೋರೋಣ, ನೀರು ಕೊಡೋಣ, ಸರಿಯಾದ ಬೆಲೆ ಹೇಳೋಣ. ಅವರು ತಮ್ಮ ಊರಿಗೆ ಹೋಗಿ ನಮ್ಮ ಬಗ್ಗೆ ಹೇಳುವ ಮಾತೂ ಒಂದು ಸಾಕ್ಷಿಯೇ.

ಮುಸಾಫಿರನ ದುಆ ತಿರಸ್ಕೃತವಾಗುವುದಿಲ್ಲವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ದಾರಿಯಲ್ಲಿರುವ ಎಲ್ಲರನ್ನೂ ಅಲ್ಲಾಹನು ಸುರಕ್ಷಿತವಾಗಿ ಮನೆಗೆ ಮುಟ್ಟಿಸಲಿ. ನೋಡುವುದರಲ್ಲೂ ನುಡಿಯುವುದರಲ್ಲೂ ನ್ಯಾಯವಂತರಾಗುವ ತೌಫೀಕನ್ನು ನಮಗೆಲ್ಲ ದಯಪಾಲಿಸಲಿ. ಆಮೀನ್.