ಇಸ್ತ್ರಿ ಮಾಡ್ತಾ ನಿಂತ ಅಮ್ಮ

19 ವರ್ಷದ ಮಗಳ ಬಗ್ಗೆ ಮಾತಾಡ್ಬೇಕು, ಬನ್ನಿ ಅಂತ ಯಾರೋ ಕರೆದಿದ್ದಾರೆ. ಅಮ್ಮ ಹೋಗೋದಿಲ್ಲ. ಇಸ್ತ್ರಿ ಮಾಡ್ತಾ ಹಳೇದನ್ನೆಲ್ಲ ನೆನೆಸಿಕೊಳ್ತಾಳೆ. ಅಮೆರಿಕದ ಟಿಲಿ ಓಲ್ಸನ್ ಬರೆದ ‘ಐ ಸ್ಟ್ಯಾಂಡ್ ಹಿಯರ್ ಐರನಿಂಗ್’ ಕತೆಯಲ್ಲಿ ನಡೆಯೋದು ಇಷ್ಟೇ. ನಾಲ್ಕು ಹೆಣ್ಣುಮಕ್ಕಳನ್ನ ಸಾಕುತ್ತ, ಹೊರಗೂ ದುಡಿದ ಓಲ್ಸನ್‌ಗೆ 1961ರಲ್ಲಿ ಮೊದಲ ಪುಸ್ತಕ ಬಂದಾಗ ವಯಸ್ಸು ಐವತ್ತರ ಹತ್ತಿರ. ಈ ಕತೆ ಅದರಲ್ಲಿದೆ.

ನನಗಿದು ಇತಿಹಾಸದ ಕಡತದ ಹಾಗೆ ಕಾಣುತ್ತೆ. ಮಗಳು ಎಮಿಲಿ ಹುಟ್ಟಿದ್ದು 1930ರ ದಶಕದ ಆರ್ಥಿಕ ಕುಸಿತದಲ್ಲಿ. ಎಂಟು ತಿಂಗಳಿಗೇ ಅಪ್ಪ ಮನೆಬಿಟ್ಟ. ಸರ್ಕಾರದ ದೊಡ್ಡ ಉದ್ಯೋಗ ಯೋಜನೆ ಬರೋದು 1935ಕ್ಕೆ. ಅಲ್ಲೀತನಕ? ಕೂಸನ್ನ ಕೆಳಮನೆಯವಳ ಹತ್ತಿರ ಬಿಟ್ಟು ಅಮ್ಮ ಕೆಲಸಕ್ಕೆ ಓಡಿದಳು.

ಅದಕ್ಕೂ ಮೊದಲು ಇನ್ನೊಂದಿದೆ. ಮಗು ಅಳ್ತಿದ್ರೂ, ಎದೆ ತುಂಬಿ ನೋಯ್ತಿದ್ರೂ, ಗಡಿಯಾರ ನೋಡಿಯೇ ಹಾಲು ಕೊಡ್ತಿದ್ಲು. ಪುಸ್ತಕಗಳಲ್ಲಿ ಹಾಗೇ ಇತ್ತು. ಇದು ಕಟ್ಟುಕತೆಯಲ್ಲ. ಮಕ್ಕಳನ್ನ ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿ ಅಂತ ಮನೋವಿಜ್ಞಾನಿ ಜಾನ್ ವಾಟ್ಸನ್ 1928ರಲ್ಲಿ ಬರೆದಿದ್ದರು. (ನಮ್ಮಜ್ಜಿ ಕೇಳಿದ್ರೆ ಪೊರಕೆ ಹಿಡಿದು ಅಟ್ಟಿಸಿಕೊಂಡು ಬರ್ತಿದ್ಲು.)

ಆಮೇಲೆ ಕ್ಲಿನಿಕ್ಕಿನವರ ಮಾತು ಕೇಳಿ ಎಮಿಲಿಯನ್ನ ಆರೈಕೆ ಕೇಂದ್ರಕ್ಕೆ ಕಳಿಸ್ತಾರೆ. ಭೇಟಿಯ ದಿನ ಮಕ್ಕಳು ಮೇಲೆ ಬಾಲ್ಕನಿಯಲ್ಲಿ, ಅಪ್ಪ ಅಮ್ಮ ಕೆಳಗೆ. ಕೂಗಿ ಮಾತಾಡ್ಬೇಕು. ಮನೆಗೆ ಬಂದ ಮಗಳನ್ನ ತಬ್ಬಿದರೆ ಮೈ ಸೆಟೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ದೂರ ತಳ್ಳುತ್ತಿದ್ದಳು.

ಆ ಕರೆಗೆ ಅಮ್ಮ ಹೋಗಿದ್ದರೆ ಇದರಲ್ಲಿ ಯಾವುದನ್ನ ಹೇಳಬೇಕಿತ್ತು?