ಇಂಗ್ಲಿಷ್ ಬೋಧನೆಯ ಪದ್ಧತಿಗಳು: ಢಾಕಾದಿಂದ ಬೆಂಗಳೂರಿಗೆ

ಪರಭಾಷೆಯೊಂದನ್ನು ಕಲಿಸತಕ್ಕ ಸರಿಯಾದ ಮಾರ್ಗ ಯಾವುದು ಎಂಬ ಪ್ರಶ್ನೆ ಬಹು ಹಳೆಯದು. ಉತ್ತರಗಳು ಮಾತ್ರ ಕಾಲಕ್ಕೊಂದು ಬಗೆಯಾಗಿ ಬಂದಿವೆ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಅದನ್ನು ಕಲಿಸಿದ ಪದ್ಧತಿಗಳ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಭಾಷೆಯ ಸ್ವರೂಪವೇನೆಂದು ವಿದ್ವಾಂಸರು ಅನೇಕ ಸಲ ವಿಚಾರಿಸಿದರು. ಕಲಿಯುವ ಹುಡುಗನು ಎಷ್ಟು ವರ್ಷ ಶಾಲೆಯಲ್ಲಿ ನಿಲ್ಲುವನೆಂದು ವಿಚಾರಿಸಿದವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವಿಭಕ್ತ ಭಾರತದಲ್ಲಿ ನಡೆದ ಒಂದು ಕಾರ್ಯವನ್ನು ಶ್ರೋತೃಗಳ ಗಮನಕ್ಕೆ ತರುವುದು ಈ ಭಾಷಣದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಪ್ರಚಾರದಲ್ಲಿದ್ದುದು ವ್ಯಾಕರಣ ಮತ್ತು ಭಾಷಾಂತರದ ಪದ್ಧತಿ. ಲ್ಯಾಟಿನ್ ಗ್ರೀಕ್ ಭಾಷೆಗಳನ್ನು ಹೇಗೆ ಕಲಿಸುತ್ತಿದ್ದರೋ ಹಾಗೆಯೇ ಬಳಕೆಯಲ್ಲಿರುವ ಭಾಷೆಗಳನ್ನೂ ಕಲಿಸುತ್ತಿದ್ದರು: ಮೊದಲು ಸೂತ್ರ, ಬಳಿಕ ಶಬ್ದಗಳ ಪಟ್ಟಿ, ಕೊನೆಗೆ ವಾಕ್ಯಗಳ ಭಾಷಾಂತರ. ಹಲವು ವರ್ಷ ಓದಿಯೂ ಆ ಭಾಷೆಯಲ್ಲಿ ನಾಲ್ಕು ಮಾತನಾಡಲಾರದವರು ಇದರಿಂದ ಬಹುಮಂದಿ ಉಂಟಾದರು. ಭಾಷಾಬೋಧನೆಯು ದಿಕ್ಕನ್ನೇ ಬದಲಿಸಬೇಕೆಂದು ಜರ್ಮನಿಯ ವಿಲ್ಹೆಲ್ಮ್ ಫೀಯೆಟರ್ ಎಂಬ ವಿದ್ವಾಂಸನು 1882ರಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಅದಕ್ಕೆ ನಾಲ್ಕು ವರ್ಷ ಮೊದಲೇ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಬರ್ಲಿಟ್ಜ್ ಎಂಬಾತನು ತೆರೆದಿದ್ದ ಶಾಲೆಯಿಂದ, ವಿದ್ಯಾರ್ಥಿಯ ಸ್ವಭಾಷೆಯನ್ನು ತರಗತಿಯೊಳಗೆ ಬಿಟ್ಟುಕೊಳ್ಳದ ಪದ್ಧತಿ ಪ್ರಸಿದ್ಧಿಗೆ ಬಂದಿತು. ವಸ್ತುವನ್ನು ತೋರಿಸಿ ಹೆಸರನ್ನು ಹೇಳುವುದು, ಕ್ರಿಯೆಯನ್ನು ಮಾಡಿ ಕ್ರಿಯಾಪದವನ್ನು ಹೇಳುವುದು ಇದರ ಕ್ರಮ. ಇದನ್ನೇ ಪ್ರತ್ಯಕ್ಷ ಪದ್ಧತಿ ಎಂದರು. 1922ರಲ್ಲಿ ಜಪಾನಿಗೆ ಆಹ್ವಾನಿತನಾಗಿ ಹೋದ ಹೆರಾಲ್ಡ್ ಪಾಮರನು ಮರುವರ್ಷ ಟೋಕಿಯೋದಲ್ಲಿ ಒಂದು ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, ಮಾತೇ ಮೊದಲು, ಓದು ಅನಂತರ ಎಂಬ ತತ್ತ್ವವನ್ನು ಶಾಸ್ತ್ರೀಯವಾಗಿ ಬೆಳೆಸಿದನು.

ಪ್ರತ್ಯಕ್ಷ ಪದ್ಧತಿಯಲ್ಲಿ ಗುಣವಿಲ್ಲವೆಂದಲ್ಲ. ಆದರೆ ಅದಕ್ಕೆ ಇಂಗ್ಲಿಷನ್ನು ನಿರರ್ಗಳವಾಗಿ ಆಡಬಲ್ಲ ಉಪಾಧ್ಯಾಯನೂ ಚಿಕ್ಕ ತರಗತಿಯೂ ಬೇಕು. ಬಂಗಾಳದ ಹಳ್ಳಿಯ ಶಾಲೆಗಳಲ್ಲಿ ಇವೆರಡೂ ದುರ್ಲಭವಾಗಿದ್ದುವು. ಢಾಕಾದ ಉಪಾಧ್ಯಾಯರ ತರಬೇತು ಕಾಲೇಜಿನ ಪ್ರಿನ್ಸಿಪಾಲನಾಗಿದ್ದ ಮೈಕೆಲ್ ವೆಸ್ಟ್ ಈ ಸ್ಥಿತಿಯನ್ನು ಕಣ್ಣಾರೆ ಕಂಡವನು. ಆತನು ಬಂಗಾಳದ ದ್ವಿಭಾಷಾ ಸಮಸ್ಯೆಯನ್ನು ಕುರಿತು 1926ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಮೆಯ ವ್ಯವಹಾರದಿಂದ ಒಂದು ಮಾತನ್ನು ಎರವಲು ತಂದನು. ಅದೇ ‘ಸರೆಂಡರ್ ವ್ಯಾಲ್ಯೂ’. ವಿಮೆಯ ಕಂತನ್ನು ಕೆಲವು ವರ್ಷ ಕಟ್ಟಿ ನಡುವೆ ನಿಲ್ಲಿಸಿದವನಿಗೂ ಕಂಪೆನಿಯವರು ಇಷ್ಟೆಂದು ಹಣವನ್ನು ಹಿಂದಿರುಗಿಸುವುದುಂಟು. ಹಾಗಾದರೆ ಪಾಠವನ್ನು ನಡುವೆ ಬಿಟ್ಟುಹೋದ ಹುಡುಗನ ಕೈಗೆ ಹಿಂದಿರುಗುವುದೇನು? ಮುಂದಣ ಪರೀಕ್ಷೆಗೆ ಬೇಕೆಂದು ವ್ಯಾಕರಣದ ಅಸ್ತಿಭಾರವನ್ನಷ್ಟೇ ಹಾಕಿದರೆ, ಮನೆ ಕಟ್ಟುವ ಮುನ್ನವೇ ಹೊರಟವನಿಗೆ ತಲೆಯ ಮೇಲೆ ಸೂರಿಲ್ಲ. ಶಾಲೆಗೆ ಸೇರಿದವರಲ್ಲಿ ಅನೇಕರು ಕೊನೆಯ ತರಗತಿಯನ್ನು ಮುಟ್ಟದಿರುವಾಗ, ಮುಟ್ಟುವ ಕೆಲವರಿಗಾಗಿಯೇ ಪಾಠಕ್ರಮವನ್ನು ರಚಿಸುವುದು ನ್ಯಾಯವೇ?

ಓದುವ ಶಕ್ತಿಯೇ ಬೇಗ ಫಲಕೊಡತಕ್ಕುದೆಂದು ವೆಸ್ಟ್ ನಿರ್ಣಯಿಸಿದನು. ಅಲ್ಪಸ್ವಲ್ಪ ಮಾತು ಕಲಿತವನು ಆಡಲು ಜೊತೆಗಾರರಿಲ್ಲದೆ ಮರೆಯಬಹುದು; ಸುಲಭವಾದ ಪುಸ್ತಕವನ್ನು ಓದಬಲ್ಲವನು ಒಬ್ಬನೇ ಕುಳಿತು ಬೆಳೆಯಬಲ್ಲನು. ಆದರೆ ಅಂದಿನ ವಾಚಕಪುಸ್ತಕಗಳಲ್ಲಿ ವಾಡಿಕೆಯಲ್ಲಿಲ್ಲದ ಕಾವ್ಯಶಬ್ದಗಳು ಕಿಕ್ಕಿರಿದಿದ್ದುವು. ವೆಸ್ಟ್ ಅವನ್ನು ತೆಗೆದು ಬಳಕೆಯ ಶಬ್ದಗಳನ್ನಿಟ್ಟನು. ಹೊಸ ಶಬ್ದಗಳು ಒಮ್ಮೆಗೇ ಮುತ್ತದಂತೆ ಅವುಗಳ ನಡುವೆ ಅಂತರವಿಟ್ಟನು. ಬಂದ ಶಬ್ದ ಮತ್ತೆ ಮತ್ತೆ ಬರುವಂತೆ ಮಾಡಿದನು. 1935ರಲ್ಲಿ ಜೊತೆಗಾರನೊಡನೆ ಆತನು ಹೊರತಂದ ನಿಘಂಟಿನಲ್ಲಿ ಸುಮಾರು 24,000 ಪದಗಳಿಗೂ ನುಡಿಗಟ್ಟುಗಳಿಗೂ 1,490 ಶಬ್ದಗಳೊಳಗೇ ಅರ್ಥ ಹೇಳಿದೆ. 1953ರಲ್ಲಿ ಪ್ರಕಟವಾದ ಆತನ ಸಾಮಾನ್ಯ ಶಬ್ದಾವಳಿಯಲ್ಲಿ ಸುಮಾರು 2,000 ಮೂಲಶಬ್ದಗಳಿವೆ. ಬಂಗಾಳದ ಬಾಲಕನಿಗೆ ಓದು ಸಾಕೆಂದು ಆಳುವವರ ಕಡೆಯ ಅಧಿಕಾರಿಯೊಬ್ಬನು ನಿರ್ಣಯಿಸಿದ್ದು ಸರಿಯೇ ಎಂದು ಆಕ್ಷೇಪಿಸಬಹುದು. ನ್ಯಾಯಾಲಯದಲ್ಲಿಯೂ ಕಚೇರಿಯಲ್ಲಿಯೂ ಮಾತೂ ಬೇಕಾಗಿದ್ದಿತು. ಉತ್ತರವು ಚರ್ಚಾಸ್ಪದವಾದರೂ ಪ್ರಶ್ನೆಯ ಬೆಲೆ ಕುಂದುವುದಿಲ್ಲ.

ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ, ವಾಕ್ಯರಚನೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಅಭ್ಯಾಸ ಮಾಡಿಸುವ ಪದ್ಧತಿ ದಕ್ಷಿಣ ಭಾರತದಲ್ಲಿ ಹರಡಿತು. ತರಗತಿಯಲ್ಲಿ ತಪ್ಪಿಲ್ಲದೆ ಒಪ್ಪಿಸಿದ ವಾಕ್ಯವು ಬೀದಿಗೆ ಬಂದೊಡನೆ ಮರೆತುಹೋಗುತ್ತದೆಂಬ ಅತೃಪ್ತಿಯೂ ಹಿಂದೆಯೇ ಬಂದಿತು. ಈ ಅತೃಪ್ತಿಯಿಂದ ಹುಟ್ಟಿದುದು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ, ಬೆಂಗಳೂರಿನ ಹೆಸರಿನಿಂದಲೇ ಲೋಕಪ್ರಸಿದ್ಧವಾದ ಪ್ರಯೋಗ. ಬೆಂಗಳೂರು, ಮದರಾಸು ಮೊದಲಾದ ಊರುಗಳ ಸಾಧಾರಣ ಶಾಲೆಗಳಲ್ಲಿ ಅದು ನಡೆಯಿತು. ಮಕ್ಕಳಿಗೆ ವ್ಯಾಕರಣವನ್ನು ಪಾಠವಾಗಿ ಹೇಳಲಿಲ್ಲ. ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಮುಂದಿಟ್ಟು, ಯಾವ ಬಂಡಿ ಮೊದಲು ತಲಪುವುದು, ಯಾವ ದಾರಿ ಹತ್ತಿರ ಎಂಬಂತಹ ಲೆಕ್ಕಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹೇಳಿದರು. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆಯ ವ್ಯವಸ್ಥೆ ತಾನಾಗಿ ಒಳಗೆ ನೆಲೆಗೊಳ್ಳುವುದೆಂಬುದು ಅವರ ನಂಬಿಕೆ. 1987ರಲ್ಲಿ ಪ್ರಭು ಇದನ್ನು ಗ್ರಂಥವಾಗಿ ಬರೆದರು. ಅಂದಂದಿನ ಲೆಕ್ಕವನ್ನು ಅಂದೇ ಬಿಡಿಸಿದ ಮಗು ಅಂದಿನ ಮಟ್ಟಿಗಾದರೂ ಇಂಗ್ಲಿಷಿನಿಂದ ಒಂದು ಕೆಲಸವನ್ನು ಸಾಧಿಸಿರುತ್ತದೆ. ಢಾಕಾದ ಪ್ರಶ್ನೆಗೆ ಇದೂ ಒಂದು ಬಗೆಯ ಉತ್ತರವೇ ಎನ್ನಬಹುದು.

ಸರ್ವೋತ್ತಮವೆಂಬ ಪದ್ಧತಿ ಇಲ್ಲವೆಂದು ಪ್ರಭು ಅವರೇ 1990ರ ಲೇಖನವೊಂದರಲ್ಲಿ ವಾದಿಸಿದ್ದಾರೆ. ಹೊಸ ಪದ್ಧತಿಯ ಹೆಸರನ್ನು ಕೇಳಿದೊಡನೆ ಹಳೆಯದನ್ನು ಬಿಸಾಡುವುದಾಗಲಿ, ಹಳೆಯದೆಂದು ಅದಕ್ಕೇ ಜೋತುಬೀಳುವುದಾಗಲಿ ವಿವೇಕವಲ್ಲ. ಪದ್ಧತಿಯನ್ನು ಒರೆಹಚ್ಚಿ ನೋಡಲು ಒಂದು ಕಲ್ಲು ಬೇಕು. ಈ ವರ್ಷವೇ ಶಾಲೆ ಬಿಟ್ಟು ದುಡಿಮೆಗೆ ಹೋಗುವ ಮಗುವಿನ ಕೈಯಲ್ಲಿ ಇಂದಿನ ಪಾಠದಿಂದ ಏನು ಉಳಿಯಿತು ಎಂದು ಕೇಳುವುದಕ್ಕಿಂತ ಖಚಿತವಾದ ಒರೆಗಲ್ಲು ಮತ್ತೊಂದಿಲ್ಲ.